ಬೀಗ ಬಿದ್ದ ಕಡತಗಳನ್ನು ಬಿಡಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ

ಕೇಳಿದವರು, ತುಮಕೂರು:
ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಅವರು ತೆಗೆದ ಫೋಟೊ, ವಿಡಿಯೊಗಳಿರುವ ಮನೆಯ ಕಂಪ್ಯೂಟರಿನಲ್ಲಿ ಕಳೆದ ಭಾನುವಾರದಿಂದ ಪ್ರತಿ ಕಡತದ ಹೆಸರಿಗೂ ನಾಲ್ಕು ಅಕ್ಷರಗಳ ಬಾಲ ಅಂಟಿಕೊಂಡಿದ್ದು, ಯಾವುದೂ ತೆರೆಯುತ್ತಿಲ್ಲ. 980 ಡಾಲರ್ ಕೊಡಬೇಕು, 72 ಗಂಟೆಯೊಳಗಾದರೆ 490 ಸಾಕು ಎಂಬ ರೀಡ್‌ಮಿ ಚೀಟಿ ಎಲ್ಲ ಫೋಲ್ಡರುಗಳಲ್ಲೂ ಇದೆ. ನೀವೇನು ಮಾಡಿದಿರಿ, ಎಷ್ಟು ಖರ್ಚಾಯಿತು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಸ್ಟುಡಿಯೊದವರು, ಶಿವಮೊಗ್ಗ:
ನನಗೂ ಇದೇ ಸ್ಟಾಪ್ ಡಿಜೆವಿಯು, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಸುಲಿಯುವ ತಂತ್ರಾಂಶ, ತಗುಲಿತ್ತು. ಆಲ್ಬಮ್ ವಿನ್ಯಾಸದ ತಂತ್ರಾಂಶದ ಕ್ರ್ಯಾಕ್ (ಹಣ ಕೊಡದೆ ಬಳಸುವ ಕಳ್ಳ ಪ್ರತಿ) ಹಾಕಿಕೊಂಡ ರಾತ್ರಿಯೇ 41 ಮದುವೆಗಳ ಕೆಲಸ ಹೋಯಿತು. ಒಂದು ಅಂಗಡಿಯವರು 18,000 ರೂಪಾಯಿ ಮುಂಗಡ ಪಡೆದು, ಮೂರು ವಾರ ಇಟ್ಟುಕೊಂಡು, ಡಿಸ್ಕನ್ನು ಕೊಟ್ಟ ಹಾಗೆಯೇ ಮರಳಿಸಿದರು. ಹೋಗಿ ಬರುವ ಬಸ್ಸು, ಊಟ, ಎರಡು ದಿನ ಅಂಗಡಿ ಮುಚ್ಚಿದ ನಷ್ಟ ಸೇರಿದರೆ 23,400. ಆಮೇಲೆ ನಾನೇ ಓದಿ ತಿಳಿದುಕೊಂಡದ್ದೇನೆಂದರೆ, ಈ ಪಿಡುಗು ಪ್ರತಿ ಕಡತದ ಮೊದಲ ಸುಮಾರು 150 ಕೆಬಿಯನ್ನಷ್ಟೇ ಗೂಢಲಿಪಿಗೆ ತಿರುಗಿಸುತ್ತದೆ, ಉಳಿದ ಭಾಗವನ್ನು ಮುಟ್ಟುವುದೇ ಇಲ್ಲ. ಹೀಗಾಗಿ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಸರಿಯಾದ ವಿಡಿಯೊವನ್ನು ದುರಸ್ತಿ ತಂತ್ರಾಂಶಕ್ಕೆ ಮಾದರಿಯಾಗಿ ಕೊಟ್ಟು ಸರಿಪಡಿಸಿದಾಗ ಬಹುಪಾಲು ವಿಡಿಯೊಗಳು ಎದ್ದು ಬಂದವು. ಫೋಟೊಗಳ ವಿಷಯದಲ್ಲಿ ಅಷ್ಟು ಅದೃಷ್ಟವಿರಲಿಲ್ಲ. ಒಂದು ಧಾರೆಯ ಚಿತ್ರದಲ್ಲಿ ಮುಖಗಳಿದ್ದ ಮೇಲಿನ ಪಟ್ಟಿ ಪೂರ್ತಿ ಹೋಗಿ, ಹಸಿರು ಬಣ್ಣಕ್ಕೆ ತಿರುಗಿದ ಕೈಗಳು ಮತ್ತು ತೆಂಗಿನಕಾಯಿ ಮಾತ್ರ ಉಳಿದವು. ಕ್ಯಾಮೆರಾದ ಹಳೆಯ ಕಾರ್ಡುಗಳ ಮೇಲೆ, ಅಳಿಸಿದ ಕಡತಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ತಂತ್ರಾಂಶ ಓಡಿಸಿ 1,100 ಚಿತ್ರಗಳನ್ನು ತೆಗೆದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು:
ನನ್ನದು ಬಿಟ್‌ಲಾಕರ್ ಪ್ರಕರಣ, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯದ್ದು. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬದಲಾಯಿಸಿದ ಮರುದಿನ ನೀಲಿ ಪರದೆ ಬಂದು 48 ಅಂಕೆಗಳ ಕೀಲಿ ಕೇಳಿತು. ಮುದ್ರಿಸಿಟ್ಟಿದ್ದ ಹಾಳೆಗೆ ಮಳೆಗಾಲದ ತೇವ ತಗುಲಿ ಎರಡು ಗುಂಪುಗಳಲ್ಲಿ ಒಂದೊಂದು ಅಂಕೆಯ ಶಾಯಿ ಹರಡಿತ್ತು. ಆರಾರು ಅಂಕೆಗಳ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಭಾಗವಾಗಲೇಬೇಕು ಎಂಬುದನ್ನು ಎಷ್ಟು ಜನ ಬಲ್ಲಿರೋ ತಿಳಿಯದು. 41, ಆಮೇಲೆ ಅಳಿಸಿದ ಅಂಕೆ, ಆಮೇಲೆ 682 ಎಂದಿದ್ದರೆ ಅಲ್ಲಿ 8 ಬಿಟ್ಟು ಬೇರೆ ಅಂಕೆ ಕೂರುವುದಿಲ್ಲ, ಏಕೆಂದರೆ 418682 ಮಾತ್ರ ಭಾಗವಾಗುತ್ತದೆ. ಕಾಗದ, ಪೆನ್ಸಿಲ್ ಹಿಡಿದು ಅರ್ಧ ಗಂಟೆಯಲ್ಲಿ ಬಿಡಿಸಿದೆ, ಒಂದು ಪೈಸೆಯೂ ಖರ್ಚಾಗಲಿಲ್ಲ. ಎಲ್ಲರೂ ಮೊದಲೇ ಬಿಟ್‌ಲಾಕರ್ ಹಾಕಿಕೊಂಡಿದ್ದರೆ ಇಂಥ ಸುಲಿಗೆಯೇ ನಡೆಯುತ್ತಿರಲಿಲ್ಲ.

ಸಂಶೋಧಕಿ, ಧಾರವಾಡ:
ಹಿರಿಯರ ಕೊನೆಯ ಮಾತು ತಪ್ಪು. ಬಿಟ್‌ಲಾಕರ್ ಕಾಯುವುದು ಕಳವಾದ, ಮುಚ್ಚಿದ ಯಂತ್ರವನ್ನು. ತೆರೆದು ಕೆಲಸ ಮಾಡುತ್ತಿರುವಾಗ ಒಳನುಗ್ಗಿದ ತಂತ್ರಾಂಶವನ್ನು ಅದು ತಡೆಯುವುದಿಲ್ಲ. ನಾನು ಹಣ ಕೊಟ್ಟವಳು, ಅದನ್ನು ಮುಚ್ಚಿಡುವುದಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿ ಮನೆಗಳಲ್ಲಿ ದಾಖಲಿಸಿದ 63 ಸಂದರ್ಶನಗಳಿದ್ದವು, ಮಾತಾಡಿದವರಲ್ಲಿ ನಾಲ್ವರು ಈಗಿಲ್ಲ. 490 ಡಾಲರ್ ಎಂದರೆ ಆಗ ಸುಮಾರು 40,000 ರೂಪಾಯಿ, ಬಿಟ್‌ಕಾಯಿನ್ ಮಧ್ಯವರ್ತಿಗೆ ಮತ್ತೆ 2,900. ಒಂಬತ್ತು ದಿನ ಉತ್ತರವಿಲ್ಲ. ಹತ್ತನೆಯ ದಿನ ಕೀಲಿ ಬಂತು, ಕೆಲಸ ಮಾಡಿತು.

ಸ್ಟುಡಿಯೊದವರು, ಶಿವಮೊಗ್ಗ:
ಹೇಳಲು ಸಂಕಟವಾಗುತ್ತದೆ, ಆದರೆ ಆ ಹಣ ಕೊಡಬೇಕಾಗಿರಲಿಲ್ಲ. ಸಿಡಿ ಗುಣಮಟ್ಟದ ವೇವ್ ಧ್ವನಿಯಲ್ಲಿ 150 ಕೆಬಿ ಎಂದರೆ ಒಂದು ಸೆಕೆಂಡಿಗೂ ಕಡಿಮೆ, ಉಳಿದ ಮಾತೆಲ್ಲ ಹಾಗೆಯೇ ಇರುತ್ತದೆ. ನಿಮ್ಮಂಥವರು ಕೊಟ್ಟದ್ದರಿಂದಲೇ ಆ ಕಳ್ಳರು ಮುಂದಿನ ಮನೆಗೆ ಬರುತ್ತಾರೆ.

ಸಂಶೋಧಕಿ, ಧಾರವಾಡ:
ಧ್ವನಿಯ ಜೊತೆಗೆ ಮೂರು ವರ್ಷ ಕೂತು ಮಾಡಿದ ಲಿಪ್ಯಂತರಗಳಿದ್ದವು. ಒಂದೊಂದೂ 40 ಕೆಬಿಯ ವರ್ಡ್ ಕಡತ. ತಲೆಯಿಂದ ಬಾಲದವರೆಗೆ ಪೂರ್ತಿ ಗೂಢಲಿಪಿಯಾಗಿದ್ದವು. ನಿಮ್ಮ ಮೂಲ ಚಿತ್ರಗಳು ಕಾರ್ಡಿನಲ್ಲಿ ಉಳಿದಿದ್ದವು, ನನ್ನವು ಬೇರೆಲ್ಲೂ ಇರಲಿಲ್ಲ. ಕ್ರ್ಯಾಕ್ ಹಾಕಿಕೊಂಡವರಿಂದ ಈ ಮಾತು ಕೇಳಲು ನಾನು ಸಿದ್ಧಳಿಲ್ಲ.

ತೋಟದವರು, ಚಿಕ್ಕಮಗಳೂರು:
ನನ್ನ ಹಾದಿ ಕಾಯುವ ಹಾದಿ. ಕಂಪ್ಯೂಟರ್ ಸುರಕ್ಷತೆಯ ಎಮ್ಸಿಸಾಫ್ಟ್ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಈ ಪಿಡುಗಿನ ಕುಟುಂಬದ 148 ತಳಿಗಳಿಗೆ ಬೀಗ ಬಿಡಿಸುವ ಉಚಿತ ಉಪಕರಣ (ತಂತ್ರಾಂಶ) ಬಿಟ್ಟಿತು. ಅದರ ನಂತರದ ತಳಿಗಳಲ್ಲಿ, ಚೀಟಿಯಲ್ಲಿರುವ ಗುರುತಿನ ಸಂಖ್ಯೆ ಟಿ1 ಎಂದು ಮುಗಿದರೆ ಅದು ಆಫ್‌ಲೈನ್ ಕೀಲಿ, ಅಂದರೆ ಕಳ್ಳರ ಸರ್ವರ್ ಸಿಗದಾಗ ಬಳಸುವ ಸಿದ್ಧ ಕೀಲಿ. ಅದೇ ತಳಿಗೆ ತುತ್ತಾದ ಬೇರೆಯವರಿಗೂ ಅದೇ ಕೀಲಿ ಇರುತ್ತದೆ, ಆದ್ದರಿಂದ ಒಂದು ದಿನ ಸಿಗಬಹುದು. ನನ್ನದು ಟಿ1. ಕಾಫಿ ತೋಟದ ಹನ್ನೊಂದು ವರ್ಷದ ಲೆಕ್ಕವಿದ್ದ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಪ್ರತಿ ತಿಂಗಳ ಮೊದಲ ದಿನ ಅದರ ನಕಲಿನ ಮೇಲೆ ಉಪಕರಣ ಓಡಿಸುತ್ತಿದ್ದೆ. ಹದಿನಾಲ್ಕನೆಯ ತಿಂಗಳು ತೆರೆಯಿತು. ಅಷ್ಟರಲ್ಲಿ ಲೆಕ್ಕ ಪರಿಶೋಧಕರಿಗೆ ಹಳೆಯ ರಸೀದಿಗಳಿಂದ ಮತ್ತೆ ಬರೆಸಲು 31,000 ಕೊಟ್ಟಿದ್ದೆ, ಆ ನೋವು ಬೇರೆ. ಆದರೂ ಕಳ್ಳರಿಗೆ ಕಾಸು ಕೊಡಲಿಲ್ಲ.

ಸಂಶೋಧಕಿ, ಧಾರವಾಡ:
ಆ ಆಫ್‌ಲೈನ್ ಕೀಲಿಗಳು ಉಪಕರಣಕ್ಕೆ ಸೇರುವುದು ಹೇಗೆಂದು ಯೋಚಿಸಿದ್ದೀರಾ? ನನ್ನಂಥ ಯಾರೋ ಒಬ್ಬರು ಹಣ ತೆತ್ತು, ಸಿಕ್ಕ ಕೀಲಿಯನ್ನು ಸಂಸ್ಥೆಗೆ ಕಳಿಸಿಕೊಟ್ಟಾಗ ಸೇರುತ್ತವೆ. ನಿಮ್ಮ ಬೀರು ತೆರೆದದ್ದು ಅಂಥವರ ದುಡ್ಡಿನಿಂದ.

ತೋಟದವರು, ಚಿಕ್ಕಮಗಳೂರು:
ಹಾಗಿದ್ದರೂ ಇರಬಹುದು. ಅವರಿಗೆ ನಾನು ಋಣಿ. ಆದರೆ ಟಿ1 ಇಲ್ಲದವರು ಕೊಟ್ಟ ಹಣದಿಂದ ಬೇರೆ ಯಾರಿಗೂ ಏನೂ ಸಿಗುವುದಿಲ್ಲ, ಏಕೆಂದರೆ ಆನ್‌ಲೈನ್ ಕೀಲಿ ಒಂದೊಂದು ಯಂತ್ರಕ್ಕೆ ಒಂದೊಂದು.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು:
ಬಿಟ್‌ಲಾಕರ್ ಬಗ್ಗೆ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಆದರೆ 11ರ ಲೆಕ್ಕವನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಸ್ಟುಡಿಯೊದವರು, ಶಿವಮೊಗ್ಗ:
ಕೇಳಿದವರೇ, ಈ ಪಿಡುಗಿನ ಜೊತೆ ಪಾಸ್‌ವರ್ಡ್ ಕದಿಯುವ ಇನ್ನೊಂದು ತಂತ್ರಾಂಶವೂ ಬರುವುದುಂಟು. ನನ್ನ ಇಮೇಲ್ ಹೋದದ್ದು ಹಾಗೆ. ಬೇರೆ ಯಂತ್ರದಿಂದ ಇಂದೇ ಎಲ್ಲ ಬದಲಾಯಿಸಿ.

ಕೇಳಿದವರು, ತುಮಕೂರು:
ಪಾಸ್‌ವರ್ಡುಗಳನ್ನು ತಂಗಿಯ ಫೋನಿನಿಂದ ಬದಲಾಯಿಸಿದೆ. ಗುರುತಿನ ಸಂಖ್ಯೆ ಟಿ1 ಎಂದು ಮುಗಿಯುತ್ತಿಲ್ಲ. ವಿಡಿಯೊಗಳು 212 ಇವೆ, ಎಲ್ಲವೂ ದೊಡ್ಡವು. ತಂದೆಯವರ ಕ್ಯಾಮೆರಾ ಅಟ್ಟದ ಮೇಲಿತ್ತು. ಒಂದು ಮಾದರಿ ವಿಡಿಯೊ ತೆಗೆಯೋಣವೆಂದು ಅದರ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ್ದೇನೆ, ಕೆಂಪು ದೀಪ ಹತ್ತಿದೆ.