ಪೋಲೊ ಜಿಟಿ ಟಿಎಸ್‌ಐ: ರೀಮ್ಯಾಪ್ ಮೊದಲಾ, ಸಸ್ಪೆನ್ಷನ್ ಮೊದಲಾ?

ಘಾಟಿಸವಾರ:
ನನ್ನ ಫೋಕ್ಸ್‌ವ್ಯಾಗನ್ ಪೋಲೊ ಕಾರು 1.2 ಟಿಎಸ್‌ಐ (ಟರ್ಬೊ ಪೆಟ್ರೋಲ್ ಎಂಜಿನ್), 7 ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), 70,000 ಕಿ.ಮೀ. ಓಡಿದೆ. ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಮಾತ್ರ ಬದಲಿಸಿ ಶಕ್ತಿ ಹೆಚ್ಚಿಸೋದು) ಜೊತೆ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸೋ ಯೋಚನೆ. ಶಾಕ್ ಅಬ್ಸಾರ್ಬರ್ ಹಳೇವೇ ಸಾಕಾ? ದಿನಾ ಬೆಂಗಳೂರು ಟ್ರಾಫಿಕ್, ತಿಂಗಳಿಗೊಮ್ಮೆ ಚಾರ್ಮಾಡಿ.

ಸ್ಪ್ಯಾನರ್17:
ಹಳೇ ಶಾಕ್ ಮೇಲೆ 40 ಬೇಡವೇ ಬೇಡ ಸಾರ್. ಸ್ಪ್ರಿಂಗ್ ಗಿಡ್ಡ ಆದಷ್ಟೂ ಶಾಕ್‌ನ ರಾಡ್ ಒಳಗೇ ಕೂತಿರುತ್ತೆ. ಹಂಪ್ ಸಿಕ್ಕರೆ ನೇರ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಕುಗ್ಗಿದಾಗ ತಡೆಯೋ ರಬ್ಬರ್) ಗುದ್ದು, ಆಮೇಲೆ ಸೀಲ್‌ನಿಂದ ಆಯಿಲ್ ಒಸರೋಕೆ ಶುರು. 20–25 ಮಿ.ಮೀ. ಸಾಕು, ನಾಲ್ಕೂ ಶಾಕ್ ಹೊಸದು. ಬಿಚ್ಚಿದಾಗಲೇ ಸ್ಟ್ರಟ್ ಮೌಂಟ್ (ಮುಂದಿನ ಶಾಕ್‌ನ ಮೇಲ್ತುದಿ ಬಾಡಿಗೆ ಕೂರೋ ಭಾಗ), ಅದರ ಬೇರಿಂಗ್ ಬದಲಿಸಿ, ಇಲ್ಲಾಂದ್ರೆ ಅದೇ ಕೂಲಿ ಎರಡು ಸಲ. ಲೋಯರ್ ಆರ್ಮ್ (ಚಕ್ರವನ್ನ ಕೆಳಗಿಂದ ಹಿಡಿದಿರೋ ತೋಳು) ಬೋಲ್ಟ್ ಸಡಿಲ ಮಾಡಿದ್ರೆ ಕೊನೇ ಟೈಟು ಗಾಡಿ ಚಕ್ರದ ಮೇಲೆ ನಿಂತಾಗಲೇ. ಜಾಕ್ ಮೇಲೆ ನೇತಾಡುವಾಗ ಬಿಗಿದರೆ ಆ ತೋಳಿನ ಕೀಲಲ್ಲಿರೋ ಬುಷ್ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಕಡೇಲಿ ಅಲೈನ್‌ಮೆಂಟ್.

ಒಣಕ್ಲಚ್:
ಗೇರ್‌ಬಾಕ್ಸ್ ಡಿಕ್ಯೂ200, ಒಣ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರಲ್ಲ), ತಡೆಯೋದು 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದ್ರೆ ತಿರುಗಿಸೋ ಬಲ. ಎಂಜಿನ್‌ಗೆ ಕಂಪನಿ ಕೊಟ್ಟಿರೋದು 175. ರೀಮ್ಯಾಪ್ 220–230ಕ್ಕೆ ನಿಲ್ಲಿಸೋಕೆ ಹೇಳಿ. ಟಾರ್ಕ್‌ಗಿಂತ ಟ್ರಾಫಿಕ್ ಬಿಸಿಯೇ ಇದಕ್ಕೆ ದೊಡ್ಡ ಶತ್ರು: ತೆವಳುವಾಗ ಕ್ಲಚ್ ಅರ್ಧ ಹಿಡಿದು ಜಾರ್ತಾ ಸವೆಯುತ್ತೆ. ಬ್ರೇಕ್ ಒತ್ತಿ ನಿಲ್ಲಿ, ಮುಂದೆ ಜಾಗ ಆದ್ಮೇಲೆ ಒಂದೇ ಸಲ ಹೊರಡಿ. 1ರಿಂದ 2ಕ್ಕೆ ಹೋಗುವಾಗ ಈಗಲೇ ನಡುಗ್ತಿದ್ರೆ ರೀಮ್ಯಾಪ್ ಮಾತೇ ಎತ್ತಬೇಡಿ, ಮೊದಲು ಕ್ಲಚ್ ತೋರಿಸಿ.

ಘಾಟಿಸವಾರ:
ತಿರುವಲ್ಲಿ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತೆ. ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯೋ ಡಿಫರೆನ್ಷಿಯಲ್) ಹಾಕಿಸಲಾ?

ಸ್ಪ್ಯಾನರ್17:
ಅದಕ್ಕೆ ಗೇರ್‌ಬಾಕ್ಸೇ ಬಿಚ್ಚಬೇಕು. ಆ ದುಡ್ಡಿನ ಕಾಲು ಭಾಗದಲ್ಲಿ ಒಳ್ಳೇ ಟೈರ್ ಬರುತ್ತೆ, ಅದನ್ನ ಮೊದಲು ಹಾಕಿಸಿ.