‘ಪೊಟೆನ್ಷಿಯಲ್ ಡಿಫರೆನ್ಸ್’ಗೆ ಗೋಡೆಪಟದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಬಸವನಗುಡಿಯಲ್ಲಿ ಸಂಜೆ ಹೊತ್ತು ನೀಟ್ ಬರೆಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಕರೆಂಟು, ಅಯಸ್ಕಾಂತದ ಪಾಠದ ಪದಗಳದ್ದು ಒಂದು ಗೋಡೆಪಟ. ನಾಳೆ ಬೆಳಿಗ್ಗೆ ಎಂಟಕ್ಕೆ ಅವೆನ್ಯೂ ರಸ್ತೆಯ ಪ್ರೆಸ್ಸಿಗೆ ಕೊಡಬೇಕು. ಪೊಟೆನ್ಷಿಯಲ್ ಡಿಫರೆನ್ಸ್ ಹತ್ತಿರ ನಿಂತುಬಿಟ್ಟಿದ್ದೇನೆ. ಪಠ್ಯದಲ್ಲಿ ‘ವಿಭವಾಂತರ’ ಇದೆ. ಮೊನ್ನೆ ಒಬ್ಬ ಹುಡುಗಿ ಬೋರ್ಡ್ ಮೇಲೆ ‘ವೈಭವಾಂತರ’ ಅಂತ ಬರೆದಳು. ಅಳಿಸಲು ನನಗೆ ಮನಸ್ಸೇ ಬರಲಿಲ್ಲ. ‘ಒತ್ತಡ’ ಅಂದರೆ ರಕ್ತದೊತ್ತಡದ ಜೊತೆ ಕಲಸಿಹೋಗುತ್ತದೆ. ಸುಮ್ನೆ ‘ವೋಲ್ಟೇಜ್’ ಅಂದರೆ ಸಾಕಾ?

ಮರು:
ಸಾಲದು. ವಿಭವ ಸರಿಯಾಗಿಯೇ ಇದೆ. ವೈಭವ ಹುಟ್ಟಿದ್ದೇ ವಿಭವದಿಂದ, ಆ ಹುಡುಗಿಗೆ ಅದನ್ನೇ ಹೇಳಿಕೊಡಿ. ಸಂವತ್ಸರಗಳಲ್ಲಿ ಪ್ರಭವ ಆದಮೇಲೆ ವಿಭವ. 1988ರ ಯುಗಾದಿಗೆ ಶುರುವಾದ ವರ್ಷ ಅದೇ. ಅರ್ಥ ಸಂಪತ್ತು, ಕಸುವು. ಎರಡು ಕಡೆ ಕಸುವು ಬೇರೆ ಬೇರೆ ಇದ್ದರೆ ನಡುವೆ ಹರಿವು. ಇನ್ನೇನು ಬೇಕು? ಇವತ್ತು ವೋಲ್ಟೇಜ್ ಬಿಟ್ಟುಕೊಂಡರೆ ನಾಳೆ ಅಯಸ್ಕಾಂತವೂ ಮ್ಯಾಗ್ನೆಟ್ ಆಗುತ್ತದೆ.

ಮರು:
ಸರ್, ಅಯಸ್ಕಾಂತವೂ ಸಾಲವೇ ಅಲ್ವಾ? ಅಯಸ್ ಅಂದರೆ ಕಬ್ಬಿಣ, ಕಬ್ಬಿಣದ ಕಾಂತ. ಕನ್ನಡದ್ದು ‘ಸೂಜಿಗಲ್ಲು’. ಸಂಸ್ಕೃತದಿಂದ ತಂದದ್ದು ಮನೆಯದು, ಇಂಗ್ಲಿಷಿನಿಂದ ತಂದದ್ದು ಸಾಲ ಅನ್ನುವ ಲೆಕ್ಕ ನಾನು ಒಪ್ಪುವುದಿಲ್ಲ. ವೋಲ್ಟ್ ಅಂತೂ ಇಂಗ್ಲಿಷ್ ಪದವೂ ಅಲ್ಲ. 1800ರಲ್ಲಿ ಬ್ಯಾಟರಿ ತೋರಿಸಿಕೊಟ್ಟ ಇಟಲಿಯ ವೋಲ್ಟಾನ ಹೆಸರು ಅದು. ಹೆಸರಿಗೆ ಅನುವಾದ ಯಾಕೆ?

ಮರು:
ಸೂಜಿಗಲ್ಲು ಹಳ್ಳಿಯ ಸಂತೆಗೆ ಸರಿ. ‘ಸೂಜಿಗಲ್ಲಿನ ಕ್ಷೇತ್ರ’ ಅಂತ ಯಾವ ಪುಸ್ತಕದಲ್ಲಿದೆ, ತೋರಿಸಿ.

ಮರು:
ಇಬ್ಬರಿಗೂ ಧನ್ಯವಾದ. ಸೂಜಿಗಲ್ಲು ನನಗೂ ಇಷ್ಟ. ಆದರೆ ಪರೀಕ್ಷೆಯಲ್ಲಿ ಬರುವ ಪದವೇ ಗೋಡೆ ಮೇಲೆ ಇರಬೇಕು. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತಿದೆ, ಪಕ್ಕದಲ್ಲೇ ಇಂಗ್ಲಿಷ್. ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷಿನದೇ ಕೊನೆ ಮಾತು. ಮಕ್ಕಳಿಗೆ ಎರಡೂ ಪದ ಗೊತ್ತಿಲ್ಲದಿದ್ದರೆ ನಷ್ಟ ಅವರಿಗೇ.

ನನಗೆ ಜಾಸ್ತಿ ಕಷ್ಟ ಕೊಡುವುದು ‘ಕರೆಂಟ್’. ‘ಕರೆಂಟ್ ಹೋಯ್ತು’ ಅಂದರೆ ಸರಬರಾಜು. ‘ಕರೆಂಟ್ ಬಿಲ್’ ಅಂದರೆ ಬಳಸಿದ ಶಕ್ತಿ. ಆಂಪಿಯರ್‌ನಲ್ಲಿ ಅಳೆಯುವ ಕರೆಂಟ್ ಇವೆರಡೂ ಅಲ್ಲ. ಅದಕ್ಕೇ ಅಲ್ಲಿ ‘ವಿದ್ಯುತ್ ಪ್ರವಾಹ’ ಬೇಕೇ ಬೇಕು. ವೋಲ್ಟೇಜ್ ಹಾಗಲ್ಲ. ಬಲ್ಬ್ ಮಂಕಾದರೆ ಮನೆಯಲ್ಲಿ ಅಜ್ಜಿಯೂ ‘ವೋಲ್ಟೇಜ್ ಕಮ್ಮಿ’ ಅನ್ನುತ್ತಾರೆ. 230 ವೋಲ್ಟ್ ಇರಬೇಕಾದದ್ದು ಕೆಳಗಿಳಿದಿದೆ, ಅಜ್ಜಿಯ ಮಾತು ಸರಿಯೇ. ಇದೇ ಮಕ್ಕಳು ಬಯಾಲಜಿಗೆ ಹೋದರೆ ಅಲ್ಲೂ ಇದೇ ವಿಷಯ. ಸುಮ್ಮನಿರುವ ನರಕೋಶದ ಪೊರೆಯ ಒಳಕ್ಕೂ ಹೊರಕ್ಕೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ, ಒಳಗಡೆ ಋಣ. ಬಲ್ಬಿನದೂ ನರದ್ದೂ ಒಂದೇ ಸಂಗತಿ ಅಂತ ಅವರಿಗೆ ಹೊಳೆಯಬೇಕು.

ಹಾಗಾಗಿ ದಪ್ಪಕ್ಷರದಲ್ಲಿ ‘ವಿಭವಾಂತರ’, ಅದರ ಕೆಳಗೆ ‘ವೋಲ್ಟೇಜ್’. ಆಮೇಲೆ ಒಂದು ಸಾಲು: ‘ಒಂದು ಕೂಲಂಬ್ ವಿದ್ಯುದಾವೇಶವನ್ನು (ಚಾರ್ಜ್) ಇಲ್ಲಿಂದ ಅಲ್ಲಿಗೆ ಒಯ್ಯಲು ಒಂದು ಜೌಲ್ ಕೆಲಸ ಹಿಡಿದರೆ ಒಂದು ವೋಲ್ಟ್.’ ರೆಸಿಸ್ಟೆನ್ಸ್‌ಗೆ ‘ರೋಧ’, ರೆಸಿಸ್ಟಿವಿಟಿಗೆ ‘ರೋಧಶೀಲತೆ’ ಹಾಕಿದ್ದೇನೆ. ತಕರಾರಿದ್ದರೆ ಇವತ್ತು ರಾತ್ರಿಯೇ ಹೇಳಿ.

ಮರು:
ರೋಧಕ್ಕೆ ತಕರಾರಿಲ್ಲ. ವೋಲ್ಟೇಜ್ ಸಣ್ಣಕ್ಷರದಲ್ಲಿರಲಿ.