ಪದ ಬೇಕು: ಸ್ವೆಟರ್ ಹೆಣಿಗೆಯ ನಿಟ್, ಪರ್ಲ್ (ನಾಳೆ ಸಂಜೆಯೊಳಗೆ)

ಮಾಳಮಡ್ಡಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಸ್ವೆಟರ್ ಹೆಣಿಯೋದು ಕಲಿಸೋ ತರಗತಿ ಸುರು ಮಾಡ್ತಿದ್ದೀವಿ. ಬಾಗಲಿಗೆ ಒಂದು ಬ್ಯಾನರ್, ಕೈಗೆ ಒಂದು ಹಾಳಿ. ಹಾಳಿ ಇಂಗ್ಲಿಷಿನ್ಯಾಗ ಅದ, ಕನ್ನಡಕ್ಕ ತರಾಕತ್ತೀನಿ. ಪ್ರೆಸ್ಸಿನವರು ನಾಳೆ ಸಂಜೆಯೊಳಗ ಮ್ಯಾಟರ್ ಬೇಕಂದಾರ.

ಬೇಕಾದವು ಇವು: ನಿಟ್, ಪರ್ಲ್ (ಹೆಣಿಯೋ ಎರಡು ಮೂಲ ಬಗಿ), ಕಾಸ್ಟ್ ಆನ್ (ಸುರುವಿಗೆ ಸೂಜಿ ಮ್ಯಾಲ ದಾರ ಏರಿಸೋದು), ಬೈಂಡ್ ಆಫ್ (ಕಡೀಕ ಮುಚ್ಚೋದು), ರಿಬ್ (ತೋಳಿನ ತುದಿಗೆ ಹಿಗ್ಗೋ ಪಟ್ಟಿ), ಡ್ರಾಪ್ಡ್ ಸ್ಟಿಚ್ (ಸೂಜಿಯಿಂದ ಜಾರಿದ್ದು). ಅದಕ್ಕೂ ಮೊದಲು ಸ್ಟಿಚ್ ಅನ್ನೋದಕ್ಕೇ ಒಂದು ಮಾತು ಹೇಳ್ರಿ. ನಿಘಂಟು ನೋಡಿದ್ರ ಹೊಲಿಗೆ ಅಂತದ. ಹೊಲಿಯಾಕ ಬಟ್ಟಿ ಇರಬೇಕು, ಸೂಜಿಗೆ ಕಣ್ಣಿರಬೇಕು. ಇಲ್ಲಿ ಎರಡೂ ಇಲ್ಲ. ‘ಇಪ್ಪತ್ತು ಹೊಲಿಗೆ ಹಾಕಿ’ ಅಂತ ಬರದ್ರ ಓದಿದವರಿಗೆ ದವಾಖಾನಿ ನೆನಪಾಗ್ತದ.

ವಿದ್ಯಾನಗರ, ಹುಬ್ಬಳ್ಳಿ

ಇದರಲ್ಲಿ ಚರ್ಚೆಗೆ ಏನಿದೆ? ನಿಟ್ ಎಂದರೆ ಹೆಣಿಗೆ. ಪರ್ಲ್ ಎಂದರೆ ಮರುಹೆಣಿಗೆ. ಉಳಿದವಕ್ಕೂ ಇದೇ ಧಾತುವಿನಿಂದ ಮಾಡಿಕೊಳ್ಳಬಹುದು.

ಹೆಣೆ ಎಂಬುದು ಹಳಗನ್ನಡದ ಪೆಣೆ. ಪಕಾರಕ್ಕೆ ಹಕಾರ ಬಂದದ್ದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಮಿಳಿನ ಪಿಣೈ, ತೆಲುಗಿನ ಪೆನ ಎರಡೂ ಇದರ ಒಡಹುಟ್ಟು. ಬುಟ್ಟಿ ಹೆಣೆಯುತ್ತೇವೆ, ಜಡೆ ಹೆಣೆಯುತ್ತೇವೆ, ಹೊರಸು ಹೆಣೆಯುತ್ತೇವೆ. ಇಷ್ಟು ಬೇರುಬಿಟ್ಟ ಮಾತನ್ನು ಮನೆಯಲ್ಲಿಟ್ಟುಕೊಂಡು ಯಾರೂ ಮರಾಠಿಯ ಟಾಕಾ-ಗೀಕಾ ಎಂದು ಬರೆಯಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ.

ಬೆಟಗೇರಿ, ಗದಗ

ಬ್ಯಾನರಿನ್ಯಾಗ ಕಾಗುಣಿತ ಸರಿಯಾಗಿ ನೋಡ್ಕೋರಿ ಅಕ್ಕಾರ. ಪೇಂಟರ್ ಒಂದು ಎತ್ವ ತಪ್ಪಿಸಿದ್ನೆಂದ್ರ ‘ಹಣಿಗೆ ತರಗತಿ’ ಆಗ್ತೈತಿ. ಹೆಣ್ಮಕ್ಕಳು ತಲಿ ಬಾಚ್ಕೊಳ್ಳಾಕ ಬರ್ತಾರ. ನಮ್ಮ ಕಡೆ ಮಗ್ಗದಾಗೂ ಹಣಿಗಿ ಇರ್ತೈತಿ, ಅದು ಬ್ಯಾರೆ.

ಇನ್ನೊಂದು. ಎಲ್ಲೂ ನೇಯ್ಗೆ ಅಂತ ಬರೀಬ್ಯಾಡ್ರಿ. ಪೇಪರಿನವರು ‘ಸ್ವೆಟರ್ ನೇಯುವ ಮಹಿಳೆ’ ಅಂತ ಬರದಿರ್ತಾರ, ಓದಿದ್ರ ಮೈ ಉರೀತೈತಿ. ನೇಯಾಕ ಹಾಸು ಬೇಕು, ಹೊಕ್ಕು ಬೇಕು. ಹಾಸು ಬಿಗಿದು ಕುಂತಿರ್ತೈತಿ, ಹೊಕ್ಕು ಲಾಳಿಯೊಳಗ ಕುಂತು ಅದರ ನಡುವ ಹಾದು ಹೋಗ್ತೈತಿ. ಸ್ವೆಟರಿನ್ಯಾಗ ಇರೋದು ಒಂದ ದಾರ. ಆ ದಾರ ತನ್ನ ಕುಣಿಕಿಯೊಳಗ ತಾನ ಹೊಕ್ಕು ಹೊರಗ ಬರ್ತೈತಿ. ಅದಕ್ಕ ಸ್ವೆಟರ್ ಎಳದ್ರ ಹಿಗ್ಗತೈತಿ, ನೇಯ್ದ ಸೀರಿ ಹಿಗ್ಗೂದಿಲ್ಲ. ಅದಕ್ಕ ಸ್ವೆಟರಿನ ಒಂದು ಕುಣಿಕಿ ಹರದ್ರ ಕೆಳಗಿನ ತನಾ ಇಳಕೊಂತ ಹೋಗ್ತೈತಿ.

ಸ್ಟಿಚ್ಚಿಗೆ ಕುಣಿಕೆ ಅನ್ರಿ. ಸೂಜಿ ಮ್ಯಾಲ ಮೊದಲ ಹಾಕೋ ಗಂಟಿಗೆ ಜೀರುಗುಣಿಕೆ ಅಂತ ಮೊದಲಿಂದಾನೂ ಐತಿ, ದನಾ ಕಟ್ಟಿದವರಿಗೆ ಗೊತ್ತು.

ಮಾಳಮಡ್ಡಿ, ಧಾರವಾಡ

ಬೆಟಗೇರಿ ಅಣ್ಣಾರ, ಕುಣಿಕೆ ಭಾಳ ಛಲೋ ಆತು. ಅಷ್ಟು ಮುಗೀತು ಅಂತ ತಿಳೀತೀನಿ.

ವಿದ್ಯಾನಗರದ ಸರ್, ಮರುಹೆಣಿಗೆ ಆಗೂದಿಲ್ಲ. ಬಿಚ್ಚಿ ಮತ್ತ ಹೆಣಿಯೋದು ಅಂತ ಅರ್ಥ ಬರ್ತದ. ಹೊಸದಾಗಿ ಕಲಿಯೋರು ದಿನಾ ಅದನ್ನೇ ಮಾಡ್ತಾರ, ಅದಕ್ಕ ಆ ಮಾತು ಬ್ಯಾರೆ ಇಟ್ಕೋಬೇಕು.

ನಿಟ್-ಪರ್ಲ್ ಅಂದ್ರ ಏನು ಅಂತ ಗೊತ್ತಿಲ್ಲದವರು ಮೈಮ್ಯಾಲಿನ ಬನಿಯನ್ ತಗದು ನೋಡ್ರಿ. ಬನಿಯನ್ ಬಟ್ಟಿನೂ ಹೆಣಿಗಿನೇ, ಯಂತ್ರದ್ದು. ಹೊರಮಗ್ಗಲಿಗೆ ಇಂಗ್ಲಿಷಿನ ವಿ ಅಕ್ಷರ ಒಂದರ ಮ್ಯಾಲ ಒಂದು ಕುಂತಂಗ ಸಾಲು ಕಾಣ್ತಾವ. ಅದು ನಿಟ್. ಒಳಮಗ್ಗಲಿಗೆ ಅಡ್ಡಕ್ಕ ಸಣ್ಣ ಸಣ್ಣ ಉಬ್ಬು ಕಾಣ್ತಾವ. ಅದು ಪರ್ಲ್. ಅಂದ್ರ ಅವು ಎರಡು ಕುಣಿಕೆ ಅಲ್ಲ, ಒಂದೇ ಕುಣಿಕೆಯ ಮುಂದು-ಹಿಂದು. ಕೈಯಿಂದ ಹೆಣಿಯುವಾಗ ನಿಟ್ಟಿಗೆ ದಾರ ಹಿಂದ ಇರ್ತದ, ಸೂಜಿ ಮುಂದಿನಿಂದ ಹಿಂದಕ್ಕ ಹೊಕ್ಕು ಹೊಸಾ ಕುಣಿಕೆನ ನಮ್ಮ ಕಡೆ ಎಳಕೊಂಡು ಬರ್ತದ. ಪರ್ಲಿಗೆ ದಾರ ಮುಂದ, ಸೂಜಿ ಹಿಂದಿನಿಂದ ಮುಂದಕ್ಕ, ಹೊಸಾ ಕುಣಿಕೆ ಆಚೆ ಹೋಗ್ತದ. ಇದನ್ನ ಹೇಳೋ ಎರಡು ಮಾತು ಬೇಕಾಗ್ಯಾವ.

ಸಪ್ತಾಪುರ, ಧಾರವಾಡ

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ಇದು ನನ್ನ ವಿಷಯ.

ನಮ್ಮ ಅವ್ವ, ಅವರ ಅಕ್ಕ ಎಲ್ಲರೂ ಸುಲ್ಟಾ-ಉಲ್ಟಾ ಅಂತಲೇ ಹೆಣೆದವರು. ‘ಎರಡು ಸುಲ್ಟಾ, ಎರಡು ಉಲ್ಟಾ’ ಅಂತ ಬಾಯಿಯಲ್ಲಿ ಎಣಿಸುತ್ತ, ಕಣ್ಣು ಬೇರೆ ಕಡೆ ಇಟ್ಟು ಹೆಣೆಯುತ್ತಿದ್ದರು. ಮರಾಠಿಯ ಸುಲಟ, ಉಲಟ ಎನ್ನುವುದು ಗೊತ್ತು. ಸ್ಟಿಚ್ಚಿಗೆ ಟಾಕಾ ಅನ್ನುತ್ತಿದ್ದರು, ಅದೂ ಮರಾಠಿ. ಧಾರವಾಡ ಮುಂಬೈ ಪ್ರಾಂತದಲ್ಲಿದ್ದಾಗ ಓದಿದವರು, ಅವರ ಕೈಗೆ ಬಂದ ಹೆಣಿಗೆಯ ಪುಸ್ತಕಗಳು ಮರಾಠಿಯವು. ಹಿಂದಿಯವರು ಸೀಧಾ ಫಂದಾ, ಉಲ್ಟಾ ಫಂದಾ ಅನ್ನುತ್ತಾರೆ. ಈಗಿನ ಹುಡುಗಿಯರು ಮೊಬೈಲಿನಲ್ಲಿ ನೋಡಿ ಕಲಿಯುವುದು ಅದನ್ನೇ. ಅಂದ ಮೇಲೆ ಉಲ್ಟಾ ಅಂದರೆ ತಿಳಿಯದವರು ನಿಮ್ಮ ಓಣಿಯಲ್ಲಿ ಯಾರಿದ್ದಾರೆ? ಇರುವ ಮಾತನ್ನು ಬರೆದು ಪ್ರೆಸ್ಸಿಗೆ ಕೊಡಿ.

ವಿದ್ಯಾನಗರ, ಹುಬ್ಬಳ್ಳಿ

1956ರಲ್ಲಿ ಏಕೀಕರಣವಾಯಿತು. ಟಾಕಾ ಮಾತ್ರ ಇನ್ನೂ ಮುಂಬೈ ಪ್ರಾಂತದಲ್ಲೇ ಉಳಿದಿದೆ ಎಂದು ಇವತ್ತು ತಿಳಿಯಿತು.

ಅವ್ವ ಅಂದಳು, ಆಯಿ ಅಂದಳು ಎನ್ನುವುದು ಪದಚರ್ಚೆಯಲ್ಲಿ ಪುರಾವೆಯಲ್ಲ. ಅದೇ ತರ್ಕಕ್ಕೆ ಹೋದರೆ ಬಟಾಟೆ, ಕಾಂದೆ ಎಂದು ಪಠ್ಯಪುಸ್ತಕದಲ್ಲಿ ಹಾಕಬೇಕಾಗುತ್ತದೆ. ಮುಂದು-ಹಿಂದು ಎರಡೂ ಬೇಕಿದ್ದರೆ ಅಚ್ಚಗನ್ನಡದಲ್ಲಿ ಅಂಗಾತ, ಬೋರಲು ಇವೆ. ಅಂಗಾತ ಕುಣಿಕೆ, ಬೋರಲು ಕುಣಿಕೆ. ಮಗು ಮಗುಚಿ ಬಿದ್ದರೆ ಯಾರೂ ‘ಉಲ್ಟಾ ಬಿತ್ತು’ ಎನ್ನುವುದಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಹೆಸರಿಡಲು ಬರುವುದಿಲ್ಲ ಎಂದುಕೊಳ್ಳಬೇಡಿ. ಈ ಧಾರವಾಡದ ಕಸೂತಿಯನ್ನೇ ನೋಡಿ. ಗಾವಂತಿ, ಮುರಗಿ, ನೇಗಿ, ಮೆಂತಿ. ನೇಯ್ದ ಹಾಗೆ ಕಾಣುವುದಕ್ಕೆ ನೇಗಿ, ಮೆಂತ್ಯದ ಕಾಳಿನ ಹಾಗೆ ಗೆರೆಗೆ ಗೆರೆ ಅಡ್ಡ ಹಾಯುವುದಕ್ಕೆ ಮೆಂತಿ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆ ತೆಗೆದವರು ಮರಾಠಿ ಪುಸ್ತಕ ಓದಿ ತೆಗೆಯಲಿಲ್ಲ. ಕಸೂತಿ ಎಂಬ ಮಾತೇ ಕೈ ಮತ್ತು ಸೂತಿ, ಕೈಯಿಂದ ನೂಲಿನಲ್ಲಿ ಮಾಡಿದ್ದು.

ರಾಣೇಬೆನ್ನೂರು

ಸೂತಿ ಯಾವ ಅಚ್ಚಗನ್ನಡ ಸರ್? ಸೂತ್ರದಿಂದ ಬಂದದ್ದು. ಕೈ ಅಷ್ಟ ನಮ್ಮದು, ನೂಲು ಸಂಸ್ಕೃತದ್ದು. ಮತ್ತ ಕಶೀದಾ ಅಂತ ಪಾರಸಿ ಮಾತೈತಲ್ಲ, ಸೂಜಿಕೆಲಸಕ್ಕ ಅನ್ನೋದು, ಕಸೂತಿ ಅದರಿಂದ ಬಂತು ಅನ್ನೋರೂ ಅದಾರ. ಬಿಜಾಪುರದ ಆದಿಲ್‌ಶಾಹಿ ಎಷ್ಟು ದೂರ ಇತ್ತ್ರಿ ನಮಗ? ಕೈಸೂತಿ ಅನ್ನೋದು ಕೇಳಾಕ ಛಂದ ಐತಿ ಅಂತ ಖರೆ ಆಗಬೇಕಂತೇನಿಲ್ಲ.

ಸೂಜಿ ಅನ್ನೋದು ಸೂಚಿಯ ತದ್ಭವ. ಉಣ್ಣೆ ಊರ್ಣೆಯ ತದ್ಭವ. ಸ್ವೆಟರ್ ಇಂಗ್ಲಿಷು, ಬೆವರಿನ ಅಂಗಿ ಅಂತ. ನೀವು ಎರಡು ಸೂಜಿ, ಒಂದು ಉಣ್ಣೆ ಉಂಡಿ, ಒಂದು ಸ್ವೆಟರ್ ಬಿಟ್ಟು ಬರೇ ಹೆಣಿಗೆ ಇಟ್ಕೊಂಡು ಏನ್ ಹೆಣಿತೀರಿ?

ವಿದ್ಯಾನಗರ, ಹುಬ್ಬಳ್ಳಿ

ತದ್ಭವ ಬೇರೆ, ಎರವಲು ಬೇರೆ. ಸಾವಿರ ವರ್ಷ ಬಾಯಲ್ಲಿ ಹೊರಳಿ ಕನ್ನಡದ ಉಚ್ಚಾರಕ್ಕೆ ಒಗ್ಗಿದ್ದು ಕನ್ನಡವೇ. ಕಶೀದಾದಿಂದ ಕಸೂತಿ ಆಗಬೇಕಾದರೆ ದಕಾರ ತಕಾರವಾಗಬೇಕು, ನಡುವೆ ಊಕಾರ ಬರಬೇಕು. ಯಾವ ನಿಯಮದಿಂದ? ತೋರಿಸಿ, ಆಮೇಲೆ ಆದಿಲ್‌ಶಾಹಿಯ ದೂರ ಅಳೆಯೋಣ.

ಉಣ್ಣೆ ಬೇಡವೆಂದರೆ ತುಪ್ಪಟ ಇದೆ.

ರಾಣೇಬೆನ್ನೂರು

‘ತುಪ್ಪಟದ ದಾರ ತರ್ರಿ’ ಅಂತ ಹಾಳಿಯೊಳಗ ಬರದ್ರ ಹೆಣ್ಮಕ್ಕಳು ತುಪ್ಪದ ಡಬ್ಬಿ ಹಿಡಕೊಂಡು ಬರ್ತಾರ. ನಮ್ಮ ತಾಲ್ಲೂಕಿನ ಮೇಡ್ಲೇರಿ ಕಡೆ ಕುರುಬರು ಕಂಬಳಿ ನೇಯ್ತಾರ, ಹುಣಸಿ ಬೀಜದ ಸರಿ ಹಚ್ಚಿ ಎಳಿ ಗಟ್ಟಿ ಮಾಡ್ತಾರ. ಅವರ ಬಾಯಾಗೂ ಉಣ್ಣಿನ. ಕುರಿ ಕಾಯೋರಿಗೆ ಇಲ್ಲದ ಮಡಿ ನಮಗ್ಯಾಕ?

ಅಕ್ಕಾರ, ರಿಬ್ಬಿಗೆ ಯಾರೂ ಏನೂ ಹೇಳಲಿಲ್ಲ. ಪಕ್ಕೆಲುಬು ಅಂತ ಬರದುಬಿಟ್ಟೀರಿ ಮತ್ತ. ಅದು ಎದ್ದೊಂದು ಸಾಲು, ತಗ್ಗೊಂದು ಸಾಲು ಇರ್ತೈತಲ್ಲ, ಮೆಣಸಿನ ಹೊಲದಾಗ ಬೋದು ಏರಿಸಿದಂಗ. ಬೋದು ಹೆಣಿಗೆ ಅನ್ರಿ. ಎದ್ದದ್ದು ಬೋದು, ತಗ್ಗು ಸಾಲು.

ಮಾಳಮಡ್ಡಿ, ಧಾರವಾಡ

ಬೋದು ಹೆಣಿಗೆ! ಇದನ್ನ ಬರ್ಕೊಂಡೆ. ಅದರ ಗುಣಾನೂ ಹಂಗೇ ಅದ. ಎರಡು ನಿಟ್, ಎರಡು ಪರ್ಲ್ ಹಾಕಿದ್ರ ನಿಟ್ ಎದ್ದು ಕೂಡ್ತದ, ಪರ್ಲ್ ಹಿಂದ ಸರೀತದ. ಸೇರಿಸಿ ಬಿಟ್ರ ಕುಗ್ಗತದ, ಎಳದ್ರ ಹಿಗ್ಗತದ. ತೋಳಿನ ತುದಿ, ಸೊಂಟದ ಪಟ್ಟಿ, ಕುತ್ತಿಗಿ ಎಲ್ಲಾ ಅದಕ್ಕೇ ಹಂಗ ಹೆಣಿತಾರ.

ಅಂಗಾತ-ಬೋರಲು ಒಲ್ಲೆ ಸರ್. ಪ್ರತಿ ಸಾಲು ಮುಗಿದ ಮ್ಯಾಲೆ ಹೆಣಿಗೆನ ತಿರುವಿ ಹಿಡೀತೀವಿ. ಆಗ ಅಂಗಾತ ಇದ್ದದ್ದೆಲ್ಲಾ ಬೋರಲ ಆಗ್ತದ. ಕಲಿಯೋರಿಗೆ ತಲಿ ತಿರಗತದ.

ವಿದ್ಯಾನಗರ, ಹುಬ್ಬಳ್ಳಿ

ಅದೇ ದೋಷ ಸುಲಟ-ಉಲಟಕ್ಕೂ ಇದೆ. ತಿರುವಿದರೆ ಅದೂ ಅದಲು ಬದಲು. ಮರಾಠಿಗೆ ಒಂದು ನ್ಯಾಯ, ಕನ್ನಡಕ್ಕೆ ಒಂದು ನ್ಯಾಯವೋ?

ಬೆಟಗೇರಿ, ಗದಗ

ಸರ್ ಹೇಳೂದು ಖರೆ ಐತಿ, ಈ ಒಂದು ಮಾತಿಗೆ.

ಅಕ್ಕಾರ, ನೀವ ಹೇಳಿದಂಗ ಒಂದು ನಮ್ಮ ಕಡೆ ಎಳಿಯೂದು, ಇನ್ನೊಂದು ಆಚೆ ಎಳಿಯೂದು. ಮುಂದೆಳೆ, ಹಿಂದೆಳೆ ಅಂದ್ರ ಹೆಂಗ? ಕುಣಿಕಿ ಯಾವ ಕಡೆ ಬರ್ತೈತಿ ಅನ್ನೂದು ಮಾತಿನ್ಯಾಗ ಬಂತು. ತಿರುವಿದ್ರೂ ಕೆಡೂದಿಲ್ಲ, ಯಾಕಂದ್ರ ಮುಂದ ಅಂದ್ರ ಯಾವಾಗ್ಲೂ ಹೆಣಿಯೋರ ಮುಂದ. ಸರ್‌ಗೂ ಸಮಾಧಾನ, ಮರಾಠಿ ಇಲ್ಲ.

ವಿದ್ಯಾನಗರ, ಹುಬ್ಬಳ್ಳಿ

ಒಳ್ಳೆಯ ಸೃಷ್ಟಿ. ಲೋಪಸಂಧಿಯೂ ಶುದ್ಧವಾಗಿದೆ. ಇದನ್ನೇ ಹಾಕಿ, ಚರ್ಚೆ ಮುಗಿಸಿ.

ಸಪ್ತಾಪುರ, ಧಾರವಾಡ

ಸಂಧಿ ಶುದ್ಧ, ಸ್ವೆಟರ್ ಹಾಳು.

ಎಳೆ ಅಂದರೆ ಎಳೆಯುವುದು ಮಾತ್ರವೇ? ದಾರದ ಎಳೆಯೂ ಎಳೆಯೇ. ಸೂಜಿ ಹಿಡಿದು ಕೂತವಳು ‘ಮುಂದೆಳೆ’ ಅಂತ ಓದಿದರೆ ಮಾಡುವ ಮೊದಲ ಕೆಲಸ ದಾರದ ಎಳೆಯನ್ನು ಮುಂದೆ ತರುವುದು. ನಿಟ್ಟಿಗೆ ದಾರ ಹಿಂದೆ ಇರಬೇಕು, ಮೇಲೆ ಮಾಳಮಡ್ಡಿಯವರು ಸ್ಪಷ್ಟವಾಗಿ ಬರೆದಿದ್ದಾರೆ. ದಾರ ಮುಂದಿಟ್ಟುಕೊಂಡು ನಿಟ್ ಹಾಕಿದರೆ ಸೂಜಿಯ ಮೇಲೆ ಇಲ್ಲದ ಒಂದು ಕುಣಿಕೆ ಹುಟ್ಟಿಕೊಳ್ಳುತ್ತದೆ, ಕೆಳಗೆ ತೂತು ಬೀಳುತ್ತದೆ. ಜಾಳಿಯ ವಿನ್ಯಾಸಕ್ಕೆ ಬೇಕೆಂದೇ ಹಾಗೆ ಮಾಡುತ್ತಾರೆ, ಮೊದಲ ದಿನದ ಪಟ್ಟಿಗೆ ಅಲ್ಲ. ಪದ ಕಟ್ಟುವವರು ಒಮ್ಮೆ ಸೂಜಿ ಹಿಡಿದು ನೋಡಿ ಕಟ್ಟಬೇಕು.

ವಿದ್ಯಾನಗರ, ಹುಬ್ಬಳ್ಳಿ

ಒಂದು ಮಾತಿಗೆ ಎರಡು ಅರ್ಥವಿರುವುದು ಭಾಷೆಯ ದೋಷವಲ್ಲ. ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿನ ಪರ್ಲಿಗೆ ಮೂಲವೇ ಸರಿಯಾಗಿ ತಿಳಿದಿಲ್ಲ, ಆದರೂ ಅವರು ಹೆಣೆಯುತ್ತಿಲ್ಲವೇ? ಕಲಿಸುವವರು ಬಾಯಿಂದ ಹೇಳಿಕೊಡಬೇಕು.

ಸಪ್ತಾಪುರ, ಧಾರವಾಡ

ಬಾಯಿಂದ ಹೇಳಿಕೊಡುವುದಾದರೆ ಹಾಳೆ ಯಾಕೆ?

ರಾಣೇಬೆನ್ನೂರು

ಮತ್ತ ಮೂಲ ತಿಳೀದಿದ್ರೂ ನಡೀತೈತಿ ಅಂತ ಸರ್ ಈಗ ಒಪ್ಪಿದ್ರು. ಟಾಕಾಕ್ಕೂ ಅದನ್ನ ಅನ್ವಯಿಸ್ರಿ.

ಚಳಿಗಾಲದಾಗ ಹುಬ್ಬಳ್ಳ್ಯಾಗ ಟಿಬೆಟಿಯನ್ನರು ಸ್ವೆಟರ್ ಮಾರಾಕ ಕುಂತಿರ್ತಾರಲ್ಲ, ಅವರು ಗಿರಾಕಿ ಜೋಡಿ ಕನ್ನಡ, ಹಿಂದಿ ಎರಡೂ ಕಲಸಿ ಮಾತಾಡ್ತಾರ. ಯಾರಿಗೂ ಸ್ವೆಟರ್ ಕಡಿಮಿ ಬೆಚ್ಚಗ ಆಗಿಲ್ಲ.

ಮಾಳಮಡ್ಡಿ, ಧಾರವಾಡ

ಪ್ರೆಸ್ಸಿಗೆ ಕೊಟ್ಟು ಬಂದೆ. ಹಾಳಿಯೊಳಗ ಹೋದದ್ದು ಇಷ್ಟು.

ಸ್ಟಿಚ್ ಎಲ್ಲಾ ಕಡೆ ಕುಣಿಕೆ. ಮೊದಲನೇದು ಜೀರುಗುಣಿಕೆ. ಕಾಸ್ಟ್ ಆನ್‌ಗೆ ಕುಣಿಕೆ ಏರಿಸೋದು, ಬೈಂಡ್ ಆಫ್‌ಗೆ ಕುಣಿಕೆ ಮುಚ್ಚೋದು. ಮುಚ್ಚುವಾಗ ಬಿಗಿ ಹಿಡೀಬ್ಯಾಡ್ರಿ, ಕುತ್ತಿಗಿ ತಲಿಯೊಳಗ ಇಳಿಯೂದಿಲ್ಲ ಅಂತ ಕೆಳಗ ಸಣ್ಣ ಅಕ್ಷರದಾಗ ಹಾಕೀನಿ. ಡ್ರಾಪ್ಡ್ ಸ್ಟಿಚ್ಚಿಗೆ ಜಾರಿದ ಕುಣಿಕೆ. ರಿಬ್ಬಿಗೆ ಬೋದು ಹೆಣಿಗೆ.

ನಿಟ್ಟಿಗೆ ಸುಲ್ಟಾ ಕುಣಿಕೆ, ಪರ್ಲಿಗೆ ಉಲ್ಟಾ ಕುಣಿಕೆ. ತಿರುವಿದ್ರ ಅದಲು ಬದಲಾಗ್ತದ ಅನ್ನೋ ಮಾತು ಒಪ್ಪಿದೆ. ಅದಕ್ಕ ಪಕ್ಕದಾಗ ‘ದಾರ ಹಿಂದ’, ‘ದಾರ ಮುಂದ’ ಅಂತ ಬರದು ಚಿತ್ರ ಹಾಕಿಸೀನಿ. ಓಣಿಯೊಳಗ ಸೂಜಿ ಹಿಡದಿದ್ದ ಹಿರಿಯರೆಲ್ಲಾ ಹಂಗೇ ಎಣಿಸ್ತಾರ, ಅವರೇ ಬಂದು ಕಲಿಸೋರು. ಅವರ ಬಾಯಿ ತಿದ್ದಿ ಆಮ್ಯಾಲ ಸೂಜಿ ಕೊಡಾಕ ನನ್ನ ಕೈಲೆ ಆಗೂದಿಲ್ಲ.

ವಿದ್ಯಾನಗರ, ಹುಬ್ಬಳ್ಳಿ

ಸುಲ್ಟಾ ಮರಾಠಿ, ಕುಣಿಕೆ ಕನ್ನಡ. ಅರಿಸಮಾಸ. ನನ್ನ ಆಕ್ಷೇಪಣೆ ದಾಖಲಾಗಿರಲಿ.

ಬೆಟಗೇರಿ, ಗದಗ

ಅರಿಸಮಾಸ ಸಂಸ್ಕೃತ-ಕನ್ನಡ ಕೂಡಿದ್ರ ಅಲ್ಲೇನ್ರಿ ಸರ್? ಮರಾಠಿ-ಕನ್ನಡ ಕೂಡಿದ್ರ ಅದು ಬೀಗತನ. ನಮ್ಮ ಕಡೆ ಮೊದಲಿಂದಾನೂ ನಡದೈತಿ.

ಅಕ್ಕಾರ, ಬ್ಯಾನರಿನ ಎತ್ವ ನೋಡ್ಕೊಂಡ್ರೇನು?

ಮಾಳಮಡ್ಡಿ, ಧಾರವಾಡ

ನೋಡ್ಕೊಂಡೆ ಅಣ್ಣಾರ. ಮುಂದಿನ ತಿಂಗಳು ಒಂದೇ ಸೂಜಿಯ ಕ್ರೋಶಾ ತರಗತಿ ಸುರು ಆಗ್ತದ, ಅದಕ್ಕೂ ಹೆಸರು ಬೇಕು.

ವಿದ್ಯಾನಗರ, ಹುಬ್ಬಳ್ಳಿ

ಫ್ರೆಂಚಿನಲ್ಲಿ ಸಣ್ಣ ಕೊಕ್ಕೆ ಎಂದರ್ಥ. ಕೊಕ್ಕೆ ಹೆಣಿಗೆ ಎಂದು ಬರೆಯಿರಿ. ಈ ಸಲ ಪ್ರೆಸ್ಸಿಗೆ ಹೋಗುವ ಹಿಂದಿನ ದಿನ ಕೇಳಬೇಡಿ.

ಸಪ್ತಾಪುರ, ಧಾರವಾಡ

ಕೊಕ್ಕೆ ಹೆಣಿಗೆ ಚೆನ್ನಾಗಿದೆ. ಹೆಣ್ಣುಮಕ್ಕಳು ಕ್ರೋಶಾ ಅಂತಲೇ ಅನ್ನುತ್ತಾರೆ.